ಹೊಲದ ಪುಸ್ತಕ ಕೈಗೆ ಬಂತು

ಅಂತೂ ನಮ್ಮ ಮನೆತನದ ಹತ್ತಿ ಹೊಲದ ಕಥೆ ಹೇಳುವ, ನಾನು ಬರೆದ ಪುಸ್ತಕ ಅಚ್ಚಾಗಿ ಬಂತು. ಸೀಗಿ ಹುಣ್ಣಿವಿ ದಿನ ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಎರಚಿ), ಊಟ ಆದ ಮೇಲೆ ಬಂದವರ ಕೈಗೆಲ್ಲ ಒಂದೊಂದು ಪ್ರತಿ ಇಟ್ಟೆವು. ಭಾಷಣ, ಹಾರ-ತುರಾಯಿ ಏನೂ ಇರಲಿಲ್ಲ. ಶೇಂಗಾ ಹೋಳಿಗೆ ಇತ್ತು, ಅದು ಸಾಲದೇ ಬಂತು. ಅಪ್ಪ ಹುಬ್ಬಳ್ಳಿ ಆಸ್ಪತ್ರೆ ಸೇರಿ ಗಂಡಾಂತರ ದಾಟಿ ಬಂದ ಕಥೆ ನಿಮಗೆಲ್ಲ ಗೊತ್ತೇ ಇದೆ, ಪೂರ್ತಿ ಮತ್ತೆ ಬರೆಯುವುದಿಲ್ಲ. ಈಗ ಕೋಲು ಹಿಡಿದು ಬದುವಿನ ತನಕ ನಡೆಯುತ್ತಾನೆ. ಪುಸ್ತಕ ತಿರುವಿಹಾಕಿ ಅವನು ಆಡಿದ ಮೊದಲ ಮಾತು: "ಮೆಣಸಿನಕಾಯಿ ಬಗ್ಗೆ ಭಾಳ ಕಮ್ಮಿ ಬರದೀ."

ಅದೂ ಖರೆ. ಧಾರವಾಡ ಜಿಲ್ಲೆಯ ನಮ್ಮ ಕುಂದಗೋಳದ ಕಡೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹತ್ತಿಯೊಂದನ್ನೇ ನಂಬಿ ಯಾರೂ ಕೂತವರಲ್ಲ. ಮುಂಗಾರಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ; ಆಗಸ್ಟ್-ಸೆಪ್ಟೆಂಬರಿನ ಹೊತ್ತಿಗೆ ಅದೇ ಸಾಲುಗಳ ನಡುವೆ ಜಯಧರ ಅನ್ನೋ ತಳಿಯ ಹತ್ತಿ. ಉಳ್ಳಾಗಡ್ಡಿ ಕಿತ್ತು, ಮೆಣಸಿನಕಾಯಿ ಹರಿದು ಮುಗಿಸಿದ ಮೇಲೆ ಹೊಲ ಹತ್ತಿಯದಾಗುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತಿತ್ತು.

ಹಳೇ ಉತಾರಗಳನ್ನು (ಹೊಲದ ದಾಖಲೆಗಳನ್ನು) ತಾಲೂಕು ಕಚೇರಿಯಿಂದ ತೆಗೆಸಿದ ಕಾಕಾ, ಹಳೇ ಮರಾಠಿ ಬರಹವಾದ ಮೋಡಿಯಲ್ಲಿದ್ದ ಅಜ್ಜನ ಅಕ್ಷರ ಬಿಡಿಸಿದ ಮಾಸ್ತರರು, ಎಲ್ಲ ಟೈಪ್ ಮಾಡಿಕೊಟ್ಟ ತಮ್ಮನ ಮಗಳು, ಕಾಗದದ ದುಡ್ಡಷ್ಟೇ ತಗೊಂಡ ಗದಗಿನ ಪ್ರೆಸ್ಸಿನವರು, ನಾನು ಬರೆಯಲು ಕೂತಾಗಲೆಲ್ಲ ಅಡಿಗೆಮನೆ ಸಂಭಾಳಿಸಿದ ವೈನಿ, ಎಲ್ಲರಿಗೂ ಕೈಮುಗಿಯುತ್ತೇನೆ.

ಧಾರವಾಡದ ನಿವೃತ್ತ ವಿಜ್ಞಾನಿ ಸರ್ ಕರಡು ಓದಿ ಕೆಂಪು ಪೆನ್ನಿನಲ್ಲಿ ತುಂಬಿಸಿಬಿಟ್ಟರು. 1880ರ ದಶಕದಲ್ಲಿ ಈ ಸೀಮೆಗೆ ರೈಲು ಬರುವ ಮೊದಲು ನಮ್ಮ ಕಡೆ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು, ಪೇಟೆಯಲ್ಲಿ ಆ ಹತ್ತಿಗೆ ಬಂದರಿನ ಹೆಸರೇ ಇತ್ತು ಅಂತ ಅವರಿಂದಲೇ ತಿಳಿಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ಇಲ್ಲಿ ದರ ಏರಿತಲ್ಲ, ಆ ದುಡ್ಡಿನಲ್ಲೇ ನಮ್ಮ ಪಡಸಾಲೆ ಕಟ್ಟಿದ್ದು ಅಂತ ನಮ್ಮ ಮನೆಯಲ್ಲಿ ಹೇಳುವುದುಂಟು. ಸರ್ ಅದರ ಮುಂದೆ "ಮನೆಯವರ ಹೇಳಿಕೆ" ಅಂತ ಬರೆಸಿದರು. ಹುಬ್ಬಳ್ಳಿಯ ಬೆಂಗೇರಿ ಖಾದಿ ಕೇಂದ್ರದಲ್ಲಿ ಮಾಡುವ ರಾಷ್ಟ್ರಧ್ವಜಕ್ಕೆ ನಮ್ಮ ಹೊಲದ ಹತ್ತಿ ಹೋಗಿತ್ತು ಅನ್ನೋ ಅಜ್ಜನ ಮಾತನ್ನಂತೂ ಪೂರ್ತಿ ತೆಗೆಸಿದರು. ಚೀಟಿ ಇಲ್ಲ, ಪುರಾವೆ ಇಲ್ಲ. ಕಾಕಾ ಇನ್ನೂ ಮುನಿಸಿಕೊಂಡಿದ್ದಾನೆ.

ಇನ್ನು ಚಿಗವ್ವ. ರಕ್ತಸಂಬಂಧ ಇಲ್ಲ. ನಮ್ಮ ಹೊಲದಲ್ಲಿ ಹತ್ತಿ ಬಿಡಿಸಲು ಪರಕಾರ (ಲಂಗ) ಉಡುವ ವಯಸ್ಸಿನಲ್ಲಿ ಬಂದಾಕೆ, ಈಗ ಮೊಮ್ಮಕ್ಕಳನ್ನು ಕಂಡಾಳೆ.

ಅಪ್ಪ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ನಾನೊಬ್ಬಳೇ ಇದ್ದೆ. ತಮ್ಮ ಪುಣೆಯಿಂದ ಹೊರಟಿದ್ದ, ಹೊಲದಲ್ಲಿ ಹತ್ತಿ ಬಿಡಿಸೋ ಕಾಲ ಆದ್ದರಿಂದ ಕಾಕಾ ಊರು ಬಿಡುವ ಹಾಗಿರಲಿಲ್ಲ. ಹುಬ್ಬಳ್ಳಿಗೆ ಬರುವ ಕಡೇ ಬಸ್ಸಿಗೆ ಚಿಗವ್ವ ಬುತ್ತಿಗಂಟು ಹಿಡಿದುಕೊಂಡು ಬಂದಿಳಿದಳು. ಒಳಗೆ ಬಿಡುತ್ತಿರಲಿಲ್ಲ. ಹೊರಗಿನ ಬಾಕಿನ ಮೇಲೆ ಇಬ್ಬರೂ ಕೂತೆವು. ಧೈರ್ಯ ತಗೋ, ದೇವರಿದ್ದಾನೆ ಅಂತೆಲ್ಲ ಅವಳು ಒಂದು ಮಾತೂ ಆಡಲಿಲ್ಲ. ರೊಟ್ಟಿ ಮುರಿದು ಕೈಗೆ ಕೊಟ್ಟಳು, ಅಷ್ಟೇ.

ಗಡಿಬಿಡಿಯಲ್ಲಿ ಎತ್ತಿಕೊಂಡು ಬಂದ ಅಪ್ಪನ ಕೈಚೀಲದಲ್ಲಿ ಅಜ್ಜನ ಕೀರ್ದಿ (ಲೆಕ್ಕದ) ಪುಸ್ತಕವೂ ಇತ್ತು. ಮಾಸ್ತರರು ಅದನ್ನು ಕನ್ನಡಕ್ಕಿಳಿಸಿದ ಹಾಳೆಗಳು ನಡುವೆ ಇದ್ದವು. ನಿದ್ದೆ ಬರಬಾರದು ಅಂತ ಗಟ್ಟಿಯಾಗಿ ಓದತೊಡಗಿದೆ. ಎತ್ತುಗಳಿಗೆ ಹೆಸರಿತ್ತು, ಎರಡು ಜೋಡಿಗೂ. ಅಡತಿಯವರ (ದಲಾಲರ) ಹೆಸರು, ಹತ್ತಿ ಅಂಡಿಗೆಗಳ (ಮೂಟೆಗಳ) ಲೆಕ್ಕ, ಗಾಡಿ ಬಾಡಿಗೆ ಎಲ್ಲ ಇತ್ತು. ಅದರ ಕೆಳಗೆ: ಹತ್ತಿ ಬಿಡಿಸಿದ್ದು, ಹೆಣ್ಣಾಳು 14.

"ಯಾರ್ಯಾರು ಅಂತ ಬರದಿಲ್ಲೇನು?" ಅಂದಳು ಚಿಗವ್ವ.

ಇಲ್ಲ ಅಂದೆ.

ಬೆರಳು ಮಡಚುತ್ತಾ ಶುರು ಮಾಡಿದಳು. ಯಾರು ಯಾವ ಸಾಲು ಹಿಡಿಯುತ್ತಿದ್ದರು, ಯಾರ ಮಗು ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗುತ್ತಿತ್ತು, ಯಾರ ಹಾಡಿಗೆ ಬಿಸಿಲು ಇಳಿದದ್ದು ಗೊತ್ತಾಗುತ್ತಿರಲಿಲ್ಲ. ಔಷಧಿ ಚೀಟಿಗಳ ಬೆನ್ನ ಮೇಲೆ ಬರೆದುಕೊಂಡೆ. ಹತ್ತಿಕಾಳನ್ನು ಸಗಣಿ ರಾಡಿಯಲ್ಲಿ ಹಾಕಿ ಹೊರಸಿನ ಮೇಲೆ ತಿಕ್ಕಿ, ಕಾಳು ಕಾಳು ಬೇರೆಯಾಗುವ ಹಾಗೆ ಒಣಗಿಸಿ ಬಿತ್ತುತ್ತಿದ್ದದ್ದನ್ನು ಹೇಳಿದಳು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಬಿಡುಗಡೆ ಮಾಡಿದ ಮೇಲೆ ರಾಣೆಬೆನ್ನೂರ ಕಡೆ ಬೀಜದ ಹೊಲಗಳಿಗೆ ಹುಡುಗಿಯರನ್ನು ಕ್ರಾಸಿಂಗಿಗೆ (ಎರಡು ಜಾತಿಯ ಹೂ ಕೂಡಿಸುವ ಕೆಲಸಕ್ಕೆ) ಕರೆದೊಯ್ಯುತ್ತಿದ್ದರು. ಅದಕ್ಕೆ ಹೆಬ್ಬೆರಳಿನ ಉಗುರು ಬೆಳೆಸಿಕೊಳ್ಳಬೇಕಿತ್ತಂತೆ. ಮರುದಿನ ಅರಳಬೇಕಾದ ಮೊಗ್ಗನ್ನು ಸಂಜೆಯೇ ಹಿಡಿದು, ಉಗುರಿನಿಂದ ಸುತ್ತ ಕೊರೆದು, ಎಸಳಿನ ಸಮೇತ ಗಂಡು ಕೇಸರ ಎಳೆದುಬಿಡುವುದು. ಒಳಗಿನ ಹೆಣ್ಣು ದಂಟಿಗೆ ಗಾಯ ಆಗಬಾರದು. ಬೆಳಿಗ್ಗೆ ಎದ್ದು ಇನ್ನೊಂದು ಜಾತಿಯ ಹೂವಿನ ಪರಾಗ ಮುಟ್ಟಿಸುವುದು. ಬಾಕಿನ ಮೇಲೆ ಕೂತೇ ನನ್ನ ಪೆನ್ನಿನ ಟೊಪ್ಪಿಗೆ ಹಿಡಿದು ಮಾಡಿ ತೋರಿಸಿದಳು. ಆ ಉಗುರು ಈಗಲೂ ಒಂದು ಕಡೆ ಸೊಟ್ಟಗಿದೆ.

ಬರೆಯುತ್ತಾ ಬರೆಯುತ್ತಾ ನನಗೆ ಸಿಟ್ಟು ಒತ್ತರಿಸಿ ಬಂತು. ಯಾರ ಮೇಲೆ? ಅಜ್ಜ ಕೆಟ್ಟವನಲ್ಲ. ಎತ್ತಿನ ಹೆಸರು ಬರೆದ ಮಸಿಯಲ್ಲಿ ಹದಿನಾಲ್ಕು ಹೆಂಗಸರ ಹೆಸರು ಬರೆಯಲು ಅವನಿಗೆ ಏನಾಗಿತ್ತು? ಒಳಗೆ ಅಪ್ಪ ಉಳಿಯುತ್ತಾನೋ ಇಲ್ಲವೋ ಗೊತ್ತಿಲ್ಲ, ಹೊರಗೆ ಕೂತು ನಾನು ಸತ್ತ ಅಜ್ಜನ ಮೇಲೆ ಹಲ್ಲು ಕಡಿಯುತ್ತಿದ್ದೆ, ಅಳುತ್ತಲೂ ಇದ್ದೆ. ಚಿಗವ್ವ ಕಪ್ಪು ಮುಂದೆ ಸರಿಸಿ, "ಚಾ ಆರ್ತೈತಿ, ಮೊದಲ ಕುಡಿ" ಅಂದಳು.

ಬೆಳಕು ಹರಿಯುವಾಗ ಡಾಕ್ಟರು ಹೊರಗೆ ಬಂದು ಗಂಡಾಂತರ ದಾಟಿತು ಅಂದರು. ತಮ್ಮ ಬಂದ. ಚಿಗವ್ವ ಮೊದಲ ಬಸ್ಸಿಗೆ ಹತ್ತಿದಳು, ಅವತ್ತು ಹತ್ತಿ ಬಿಡಿಸುವುದಿತ್ತಲ್ಲ.

2002ರಲ್ಲಿ ಬಿಟಿ ಹತ್ತಿಗೆ (ಹುಳ ತಡೆಯುವ ಹಾಗೆ ಜೀನ್ ಸೇರಿಸಿದ ಹತ್ತಿಗೆ) ಪರವಾನಗಿ ಸಿಕ್ಕಮೇಲಿನ ಕಥೆ ಪುಸ್ತಕದಲ್ಲಿ ನಾಲ್ಕೇ ಪುಟ ಇದೆ. ಮೊದಲು ಹಸಿರು ಹುಳದ ಕಾಟ ತಗ್ಗಿ ಔಷಧಿ ಹೊಡೆಯುವುದು ಕಡಿಮೆಯಾಯಿತು, ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡಿತು, ಬೀಜ ಮಾತ್ರ ವರ್ಷವರ್ಷ ಅಂಗಡಿಯಿಂದಲೇ ತರಬೇಕು. ಇದು ನಿಮ್ಮೆಲ್ಲರ ಮನೆಯ ಕಥೆಯೂ ಹೌದು, ಅದಕ್ಕೇ ಬೆಳೆಸಲಿಲ್ಲ.

ಕಡೇ ಪುಟದಲ್ಲಿ ಆ ಹದಿನಾಲ್ಕೂ ಹೆಸರುಗಳಿವೆ. ಹುಣ್ಣಿವಿ ದಿನ ಚಿಗವ್ವನಿಗೆ ಓದಿ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. "ಮೂರನೇದಾಕಿನ್ನ ಮೊದಲ ಹಾಕಬೇಕಿತ್ತು, ಆಕಿ ಹಿರ್ಯಾಕಿ" ಅಂದಳು. ಆಮೇಲೆ ಕಾಕಾನ ಕಡೆ ತಿರುಗಿ, ಎಲ್ಲರೆದುರಿಗೇ, "ಈ ವರ್ಷ ಬಿಡಿಸೋ ಕೂಲಿ ಕೆಜಿಗೆ ಎಷ್ಟು ಅಂತ ಈಗs ಹೇಳಿಬಿಡ್ರಿ ಯಜಮಾನ್ರ." ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಚೌಕಾಶಿ ಮಾಡಲು ಕಾಕಾನಿಗೆ ಬಾಯಿ ಬರಲಿಲ್ಲ. ದರ ಅಲ್ಲೇ ಗಟ್ಟಿಯಾಯಿತು, ಹೋದ ವರ್ಷಕ್ಕಿಂತ ಚೆನ್ನಾಗಿಯೇ.

ಇನ್ನೂ ಕೆಲವು ಪ್ರತಿ ಉಳಿದಿವೆ. ಬೇಕಾದವರು ಕಾಕಾನಿಗೆ ಹೇಳಿ, ದುಡ್ಡು ಬೇಡ. ಬದಲಿಗೆ ನಿಮ್ಮ ಅಟ್ಟದ ಮೇಲೆ ಹಳೇ ಅಡತಿ ಪಟ್ಟಿ, ಕೂಲಿ ಲೆಕ್ಕದ ವಹಿ ಏನಾದರೂ ಇದ್ದರೆ ಫೋಟೊ ತೆಗೆದು ಕಳಿಸಿ, 1972ಕ್ಕಿಂತ ಹಿಂದಿನದಾದರೆ ಇನ್ನೂ ಒಳ್ಳೆಯದು. ಹೆಸರಿನ ಸಾಲು ಹೇಗೂ ತಿದ್ದಬೇಕಾಗಿದೆ, ಎರಡನೇ ಮುದ್ರಣಕ್ಕೆ ಅದನ್ನೂ ಸೇರಿಸಿಕೊಳ್ಳುತ್ತೇನೆ.