ತಾಲೂಕು ಆಸ್ಪತ್ರೆಗೆ ಅರವಳಿಕೆ ಡಾಕ್ಟರ್ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಮಲೆನಾಡಿನ ಒಂದು ತಾಲೂಕಿನವನು. ಸ್ವಲ್ಪ ಅಡಿಕೆ ತೋಟ ಇದೆ. ನಮ್ಮ ತಾಲೂಕು ಆಸ್ಪತ್ರೆಗೆ ಅರವಳಿಕೆ ಡಾಕ್ಟರ್ ಬೇಕು ಅಂತ ಊರವರೆಲ್ಲ ಸಹಿ ಹಾಕಿ ಮನವಿ ಕೊಟ್ಟು ಸಾಕಾಗಿದೆ. ಈ ಮಳೆಗಾಲದಲ್ಲಿ ನನ್ನ ತಂಗಿಗೆ ಆದದ್ದನ್ನು ನೋಡಿದ ಮೇಲೆ ಇನ್ನು ಎಲ್ಲರ ಎದುರಿಗೇ ಕೇಳಬೇಕು ಅನ್ನಿಸಿತು.

ತಂಗಿ ಬಸುರಿಯಾಗಿದ್ದಾಗ ಒಂದು ತಪಾಸಣೆಯನ್ನೂ ತಪ್ಪಿಸಿದವಳಲ್ಲ. ಪ್ರತಿ ತಿಂಗಳು ಗರ್ಭಿಣಿಯರ ತಪಾಸಣೆ ನಡೆಯುವ 9ನೇ ತಾರೀಖು ಬಂತೆಂದರೆ ಆಶಾ ಕಾರ್ಯಕರ್ತೆಯೇ ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಬಿಪಿ ಜಾಸ್ತಿ ಇದೆ ಅಂತ ತಾಯಿ ಕಾರ್ಡಿನಲ್ಲಿ ಬರೆದೂ ಇತ್ತು. ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಹೋದೆವು. ರಾತ್ರಿ, ಧೋ ಅಂತ ಮಳೆ. ಮಗುವಿನ ಎದೆಬಡಿತ ಇಳಿಯುತ್ತಿದೆ, ತಕ್ಷಣ ಸಿಸೇರಿಯನ್ ಆಗಬೇಕು ಅಂದರು ಹೆರಿಗೆ ಡಾಕ್ಟರಮ್ಮ. ಅವರು ಅಲ್ಲೇ ಇದ್ದರು. ಆಪರೇಷನ್ ಥಿಯೇಟರ್ ಇತ್ತು. ಅರವಳಿಕೆ ಕೊಡುವವರು ಇರಲಿಲ್ಲ. ಅವರು ಬೇರೆ ತಾಲೂಕಿನಿಂದ ವಾರಕ್ಕೆ ಎರಡು ದಿನ ಬರುತ್ತಾರಂತೆ. ಹೆರಿಗೆ ನೋವು ವಾರ ನೋಡಿಕೊಂಡು ಬರುತ್ತದಾ ಸ್ವಾಮಿ?

ಜಿಲ್ಲಾಸ್ಪತ್ರೆಗೆ ಹೋಗಿ ಅಂದರು. ಇದ್ದ ಒಂದು ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು. ಅಷ್ಟರಲ್ಲಿ ಒಬ್ಬರು ಕಾಗದ ತಂದು ಭಾವನ ಮುಂದೆ ಹಿಡಿದರು. ‘ನಮ್ಮ ಸ್ವಂತ ಇಚ್ಛೆಯಿಂದ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ’ ಅಂತ ಅದರಲ್ಲಿತ್ತು. ಒಳಗೆ ಹೆಂಡತಿ ಕೂಗುತ್ತಿದ್ದಾಳೆ, ಮನುಷ್ಯ ಏನು ಓದುತ್ತಾನೆ? ಸಹಿ ಹಾಕಿದ. ಅದು ಅವನ ಇಚ್ಛೆಯಲ್ಲ. ಅದನ್ನು ಬರೆಸಿಕೊಂಡದ್ದು ಅನ್ಯಾಯ. ನನಗೆ ಇವತ್ತಿಗೂ ಆ ಕಾಗದದ ಮೇಲೆಯೇ ಸಿಟ್ಟು.

ಬಾಡಿಗೆ ಜೀಪು ಹಿಡಿದೆವು. ಘಟ್ಟದಲ್ಲಿ ಮರ ಬಿದ್ದಿತ್ತು. ಅದನ್ನು ಸರಿಸುವವರೆಗೆ ಅಮ್ಮ ಹಿಂದಿನ ಸೀಟಿನಲ್ಲಿ ಅವಳ ತಲೆ ಹಿಡಿದುಕೊಂಡು ಕೂತಿದ್ದರು. ತಂಗಿ ಉಳಿದಳು. ಮಗುವೂ ಉಳಿಯಿತು. ಆದರೆ ಹುಟ್ಟಿದಾಗ ಅಳಲಿಲ್ಲ, ತುಂಬಾ ದಿನ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ (ಎಸ್‌ಎನ್‌ಸಿಯು) ಇತ್ತು. ಮುಂದೆ ಏನಾಗುತ್ತದೋ, ಕಾದು ನೋಡಿ ಅಂದಿದ್ದಾರೆ.

ನಿಯಮ ನಿಮಗೆ ಗೊತ್ತೇ ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದದ್ದು 2011ರಲ್ಲಿ. ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲ ಉಚಿತ. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ, ಮತ್ತೆ ಮನೆಗೆ ಬಿಡುವುದೂ ಉಚಿತ. ನಾವು ಹೋಗುವಾಗಲೂ ಬಾಡಿಗೆ ಕೊಟ್ಟೆವು, ಬರುವಾಗಲೂ ಕೊಟ್ಟೆವು. ಬಾಣಂತಿ, ಮಗುವನ್ನು ಮನೆಗೆ ಬಿಡುವ ಸರ್ಕಾರದ ನಗು-ಮಗು ವಾಹನ ಕೇಳಿದರೆ ಇಲ್ಲ ಅಂದರು.

2024ರಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಇಡೀ ರಾಜ್ಯ ಮಾತಾಡಿತು. ಮಾತಾಡಲೇಬೇಕಿತ್ತು. ಸಿಸೇರಿಯನ್ ಸಿಗದೆ ದಾರಿಯಲ್ಲಿ ಒದ್ದಾಡುವವರ ಬಗ್ಗೆಯೂ ಮಾತಾಡಿ. ಉತ್ತರ ಕನ್ನಡದವರು ದೊಡ್ಡ ಆಸ್ಪತ್ರೆ ಕೊಡಿ ಅಂತ 2019ರಿಂದ ಕೂಗುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಜನ ಸತ್ತರು. ಆಸ್ಪತ್ರೆ ಹತ್ತಿರ ಇದ್ದಿದ್ದರೆ ಆ ದಾರಿ ಹಿಡಿಯಬೇಕಿತ್ತಾ?

ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ನಮ್ಮ ತಾಲೂಕಿಗೆ ಅರವಳಿಕೆ ಡಾಕ್ಟರ್ ಕೊಡಿ. ವಾರಕ್ಕೆ ಎರಡು ದಿನಕ್ಕಲ್ಲ, ಹಗಲೂ ರಾತ್ರಿ. ತಜ್ಞರು ಹಳ್ಳಿ ಕಡೆ ಬರುವುದಿಲ್ಲ ಅಂತ ಪ್ರತಿ ಸಲ ಹೇಳುತ್ತೀರಿ. ಎಂಬಿಬಿಎಸ್ ಡಾಕ್ಟರಿಗೆ ಕೆಲವು ತಿಂಗಳು ತರಬೇತಿ ಕೊಟ್ಟು ಹೆರಿಗೆ ತುರ್ತಿಗೆ ಅರವಳಿಕೆ ಕೊಡಿಸುವ ವ್ಯವಸ್ಥೆ ಸರ್ಕಾರದಲ್ಲೇ ಇದೆ ಅಲ್ವಾ? ಹಾಗೆ ಒಬ್ಬರನ್ನು ತಯಾರು ಮಾಡಿ ಕಳಿಸಿ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರಲಿ. ರಕ್ತ ಇಟ್ಟುಕೊಳ್ಳುವ ಘಟಕ ಇರಲಿ. ಇನ್ನೊಂದು ಆಂಬುಲೆನ್ಸ್ ಇರಲಿ. ಆ ‘ಸ್ವಂತ ಇಚ್ಛೆ’ಯ ಕಾಗದಕ್ಕೆ ಸಹಿ ಮಾಡಿಸುವುದು ನಿಲ್ಲಲಿ.

ನಮ್ಮ ಕೇರಿಯಲ್ಲೇ ಇನ್ನೊಬ್ಬಳಿಗೆ ಈಗ ಏಳು ತಿಂಗಳು. ಅವಳಿಗೆ ನೋವು ಬರುವುದರೊಳಗೆ ಅರವಳಿಕೆ ಡಾಕ್ಟರನ್ನು ಹಾಕಿ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ