ಪೋಷಕರಿಗೆ ಪತ್ರ: ಇಂಗ್ಲಿಷ್ ವ್ಯಾಕರಣದ ಪೀರಿಯಡ್‌ನಲ್ಲಿ ಕನ್ನಡ ಏಕೆ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರದ ಸಭೆಯಲ್ಲಿ ಎಂಟನೇ ತರಗತಿಯ ಹಲವು ಪೋಷಕರು ಒಂದೇ ಮಾತು ಕೇಳಿದಿರಿ: ಇಂಗ್ಲಿಷ್ ಪೀರಿಯಡ್‌ನಲ್ಲಿ ಟೀಚರ್ ಕನ್ನಡ ಯಾಕೆ ಮಾತಾಡುತ್ತಾರೆ? ಕೆಲವರು ಮಕ್ಕಳ ನೋಟ್‌ಬುಕ್ ತಂದು, ವ್ಯಾಕರಣದ ಪುಟದಲ್ಲಿದ್ದ ಕನ್ನಡ ವಾಕ್ಯಗಳನ್ನು ತೋರಿಸಿದಿರಿ. ಅಂದು ಹೊತ್ತು ಸಾಲಲಿಲ್ಲ, ಹಾಗಾಗಿ ಈ ಪತ್ರ.

ಆ ವಾಕ್ಯಗಳನ್ನು ಟೀಚರ್ ಹೇಳಿಯೇ ಬರೆಸಿದ್ದಾರೆ. ಇದು ನಾನು ಒಪ್ಪಿ ಜಾರಿಗೆ ತಂದ ಕ್ರಮ. ಆಕ್ಷೇಪವಿದ್ದರೆ ದಯವಿಟ್ಟು ನನ್ನನ್ನು ಕೇಳಿ, ಅವರನ್ನಲ್ಲ.

ಮಕ್ಕಳು ಎಡವುವ ಜಾಗ ನೋಡಿ. ‘ಡಿಡ್ ಯು ವೆಂಟ್’ ಎಂದು ಎಷ್ಟೋ ಮಕ್ಕಳು ಬರೆಯುತ್ತಾರೆ. ದಡ್ಡತನದಿಂದಲ್ಲ. ನಾವು ‘ಹೋದೆಯಾ’ ಅಂದರೆ ಭೂತಕಾಲವೂ ಪ್ರಶ್ನೆಯೂ ಆ ಒಂದೇ ಕ್ರಿಯಾಪದದಲ್ಲಿ ಬಂದುಬಿಡುತ್ತವೆ. ಇಂಗ್ಲಿಷಿನಲ್ಲಿ ಆ ಎರಡೂ ಕೆಲಸ ‘ಡಿಡ್’ ಮಾಡುತ್ತದೆ, ಕ್ರಿಯಾಪದ ಬರಿಯ ‘ಗೋ’ ಆಗಿ ಉಳಿಯಬೇಕು. ಎರಡು ವಾಕ್ಯಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಮಗುವಿಗೆ ಇದು ಕಣ್ಣಿಗೇ ಕಾಣುತ್ತದೆ. ‘ಆಕ್ಸಿಲರಿ ವರ್ಬ್’ (ಸಹಾಯಕ ಕ್ರಿಯಾಪದ) ಎಂದು ಇಂಗ್ಲಿಷಿನಲ್ಲೇ ಹೇಳಿ ಮುಂದೆ ಹೋದರೆ ಮಗು ತಲೆಯಾಡಿಸುತ್ತದೆ, ಮರುದಿನ ಮತ್ತೆ ‘ಡಿಡ್ ಯು ವೆಂಟ್’ ಬರೆಯುತ್ತದೆ.

ಬೆಂಗಳೂರಲ್ಲಿ, ಬಸ್ಸಲ್ಲಿ, ಬಸ್‌ಸ್ಟಾಪಲ್ಲಿ: ನಮಗೆ ಮೂರಕ್ಕೂ ಒಂದೇ ಸಪ್ತಮಿ ವಿಭಕ್ತಿ. ಇಂಗ್ಲಿಷಿಗೆ ಇನ್, ಆನ್, ಅಟ್ ಎಂಬ ಮೂರು ಬೇಕು. ‘ನಿನ್ನೆಯೇ ಕೊಟ್ಟಿದ್ದೇನೆ’ ಕನ್ನಡದಲ್ಲಿ ಸರಿಯಾದ ವಾಕ್ಯ. ಅದನ್ನೇ ‘ಐ ಹ್ಯಾವ್ ಗಿವನ್ ಇಟ್ ಯೆಸ್ಟರ್ಡೇ’ ಮಾಡಿದರೆ ತಪ್ಪು, ಏಕೆಂದರೆ ‘ಯೆಸ್ಟರ್ಡೇ’ ಬಂದಲ್ಲಿ ‘ಹ್ಯಾವ್’ ನಿಲ್ಲುವುದಿಲ್ಲ, ‘ಗೇವ್’ ಬರಬೇಕು. ತಪ್ಪಿನ ಬೇರು ಕನ್ನಡದಲ್ಲಿರುವಾಗ ಕನ್ನಡವನ್ನು ತರಗತಿಯಿಂದ ಹೊರಗಿಟ್ಟು ಅದನ್ನು ತಿದ್ದುವುದು ಕಷ್ಟ.

ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ ಎಂದೂ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಆ ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ‘ದಿ’ ಎನ್ನುವಂಥದ್ದು ಅಲ್ಲೂ ಇಲ್ಲ, ಹಾಗಾಗಿ ಕನ್ನಡದೊಂದಿಗಿನ ಹೋಲಿಕೆ ಅವರಿಗೂ ಹೊಂದುತ್ತದೆ. ಆ ಮಕ್ಕಳು ತಮ್ಮ ಮನೆಮಾತಿನ ವಾಕ್ಯವನ್ನೂ ಹೇಳಬಹುದು, ಹೇಳುತ್ತಲೂ ಇದ್ದಾರೆ.

ನಿಮ್ಮ ಆತಂಕ ನನಗೆ ಗೊತ್ತು. ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆಯಲಾಗದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಡ್ತಿ ಕೈತಪ್ಪಿದ್ದನ್ನು ಒಬ್ಬ ತಂದೆ ಹೇಳಿದರು. ತಮ್ಮ ಮಗಳಿಗೆ ಹಾಗಾಗಬಾರದು ಎಂದು ಅವರು ಬಯಸುವುದು ನ್ಯಾಯ. ನಾವು ಬಯಸುವುದೂ ಅದನ್ನೇ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಮಾಡುತ್ತಿಲ್ಲ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಕನ್ನಡಕ್ಕೆ ಹತ್ತು ನಿಮಿಷ, ಅದೂ ಹೊಸ ನಿಯಮ ವಿವರಿಸುವ ದಿನ ಮಾತ್ರ. ಉಳಿದ ಹೊತ್ತೆಲ್ಲ ಮಕ್ಕಳು ಇಂಗ್ಲಿಷಿನಲ್ಲೇ ಕೇಳಬೇಕು, ಹೇಳಬೇಕು, ಬರೆಯಬೇಕು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಹತ್ತು ನಿಮಿಷವೂ ಕಡಿಮೆಯಾಗುತ್ತದೆ. ಆದರೆ ಈ ವರ್ಷ ಅದನ್ನು ತೆಗೆಯುವುದಿಲ್ಲ.

ನಿಯಮಗಳನ್ನು ಬಾಯಿಪಾಠ ಮಾಡಿಸಿ ಎಂಬ ಸಲಹೆಯೂ ಬಂತು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಇಂಗ್ಲಿಷ್ ಕಲಿಸುವವರು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಅಲ್ಲಿ ವ್ಯಾಕರಣದ ನಿಯಮ ಹೇಳಿಕೊಡುತ್ತಿರಲಿಲ್ಲ. ನಕ್ಷೆ, ರೈಲಿನ ವೇಳಾಪಟ್ಟಿಯಂಥವನ್ನು ಕೊಟ್ಟು, ಲೆಕ್ಕ ಹಾಕಿ ಇಂಗ್ಲಿಷಿನಲ್ಲಿ ಉತ್ತರ ಹೇಳಿಸುತ್ತಿದ್ದರು. ನಾವು ಅಷ್ಟು ದೂರ ಹೋಗಿಲ್ಲ, ನಿಯಮವನ್ನೂ ಹೇಳುತ್ತೇವೆ. ಆದರೆ ಬಳಸದ ನಿಯಮ ಉಳಿಯುವುದಿಲ್ಲ ಎಂಬುದನ್ನು ನಮ್ಮ ತರಗತಿಗಳಲ್ಲೇ ವರ್ಷಗಳಿಂದ ನೋಡುತ್ತಿದ್ದೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ, 100 ಅಂಕದ ವಿಷಯ. ಅಲ್ಲೂ ಪತ್ರ, ಪ್ರಬಂಧವನ್ನು ಸ್ವಂತವಾಗಿ ಬರೆಯಬೇಕು.

ನಿಮ್ಮಿಂದ ಬೇಕಾದದ್ದು ಒಂದೇ: ಮನೆಗೆಲಸದ ಇಂಗ್ಲಿಷ್ ವಾಕ್ಯಗಳನ್ನು ನೀವಾಗಲಿ ಟ್ಯೂಷನ್‌ನವರಾಗಲಿ ತಿದ್ದದೆ, ತಪ್ಪಿದ್ದರೆ ತಪ್ಪಿದ್ದ ಹಾಗೆಯೇ ಸಹಿ ಹಾಕಿ ಕಳುಹಿಸಿ.

ಇಷ್ಟಾದ ಮೇಲೂ ಸಮಾಧಾನವಾಗದಿದ್ದರೆ, ಮುಂದಿನ ಎರಡು ಶನಿವಾರ ಬೆಳಿಗ್ಗೆ ಎರಡನೇ ಪೀರಿಯಡ್‌ಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿ. ಹಿಂದಿನ ದಿನ ಆಫೀಸಿನಲ್ಲಿ ಹೆಸರು ಬರೆಸಿದರೆ ಸಾಕು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ