ಪೆಥಾಲಜಿ ಕೌಂಟರಿನ ಅಕ್ಕನಿಗೆ

ತಲಪಾಡಿ ದಾಟಿ ಮಂಗಳೂರಿಗೆ ಬರುವ ಕಾಸರಗೋಡಿನವರಿಗೆ "ಸ್ಲೈಡ್ ಸಾಲದು, ಬಯಾಪ್ಸಿಯ ಮೇಣದ ಬ್ಲಾಕನ್ನೂ ಕೇಳಿ ತಕ್ಕೊಳ್ಳಿ" ಎಂದ ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರಿಗೆ ಯಾವ ಮದ್ದು ಹೊಂದುತ್ತದೆಂದು ತಿಳಿಸುವ ಇಜಿಎಫ್‌ಆರ್, ಎಎಲ್‌ಕೆ ಜೀನ್ ಪರೀಕ್ಷೆಗೆ ಬೇಕಾದದ್ದು ಗಡ್ಡೆಯ ತುಣುಕಿರುವ ಅದೇ ಬ್ಲಾಕ್.

ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಒಂದೇ ಮದ್ದು ಕೊನೆತನಕ ನಡೆಯುವುದು ಅಪರೂಪ. ಇಜಿಎಫ್‌ಆರ್ ಜೀನ್ ಬದಲಾಗಿದ್ದವರಿಗೆ ಕೊಡುವ ಜೆಫಿಟಿನಿಬ್ ಮಾತ್ರೆಯನ್ನು ದಿನಕ್ಕೆ 250 ಮಿಲಿಗ್ರಾಂ ತಿನ್ನುವವರು ಗ್ಯಾಸಿನ ಮಾತ್ರೆಯನ್ನು ಡಾಕ್ಟರರಲ್ಲಿ ಕೇಳದೆ ನುಂಗಬಾರದು. ಹೊಟ್ಟೆಯ ಆಮ್ಲ ಇಳಿದರೆ ಮದ್ದು ಮೈಗೆ ಸರಿಯಾಗಿ ಸೇರುವುದಿಲ್ಲ. (ಚೀಟಿಯಲ್ಲಿ ಇದನ್ನು ಬರೆದರೇನು ನಷ್ಟವೋ!) ಗಡ್ಡೆ ಪುನಃ ಬೆಳೆದರೆ ಟಿ790ಎಂ (ಆ ಮದ್ದನ್ನು ಸೋಲಿಸುವ ಹೊಸ ಜೀನ್ ಬದಲಾವಣೆ) ನೋಡಿಸಬೇಕು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದಿರುತ್ತದೆ, ಇದ್ದರೆ ಅದರ ಮೇಲೂ ಕೆಲಸ ಮಾಡುವ ಒಸಿಮರ್ಟಿನಿಬ್ ಮಾತ್ರೆ, ದಿನಕ್ಕೆ 80 ಮಿಲಿಗ್ರಾಂ. ರಕ್ತದಲ್ಲಿ ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ, ಹೊಸ ಬಯಾಪ್ಸಿ ಕೇಳಿ. ಈ ಮಾತ್ರೆಗಳ ನಂತರ ಪೆಮೆಟ್ರೆಕ್ಸೆಡ್ ಎಂಬ ಕೀಮೋ ಬಂದರೆ ಅದಕ್ಕೆ ಒಂದು ವಾರ ಮೊದಲೇ ಫೋಲಿಕ್ ಆಸಿಡ್, ಬಿ12 ಇಂಜೆಕ್ಷನ್ ಶುರುವಾಗಬೇಕು. ತಪ್ಪಿದರೆ ಬಾಯಿಹುಣ್ಣು, ರಕ್ತಕಣಗಳ ಇಳಿತ.